ಕಾಗದ ಭದ್ರಾವತಿಯಲ್ಲಿ, ಕಾಮಿಕ್ಸ್ ಮುಂಬಯಿಯಲ್ಲಿ

ಅಮರ ಚಿತ್ರಕಥಾ ಮಾಲಿಕೆಯ ಇಂಗ್ಲಿಷ್ ಪುಸ್ತಕಗಳ ಮೂಲ ಕ್ರಮಸಂಖ್ಯೆ ನೋಡಿದವರಿಗೆ ಒಂದು ಸಣ್ಣ ಒಗಟು ಎದುರಾಗುತ್ತದೆ. ಅನಂತ ಪೈ ಬರೆದು, ರಾಮ್ ವಾಯೀರ್ಕರ್ ಚಿತ್ರ ಬಿಡಿಸಿದ ‘ಕೃಷ್ಣ’ವೇ ಈ ಮಾಲಿಕೆಯ ಮೊದಲ ಪುಸ್ತಕವೆಂಬುದು ಸಾಮಾನ್ಯ ನಂಬಿಕೆ. ಆದರೆ ಅದರ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಪುಸ್ತಕಗಳು ಎಲ್ಲಿ ಹೋದವು?

ಅವು ಕನ್ನಡದಲ್ಲಿದ್ದವು ಎಂದು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ವಿವರಿಸಿದ್ದುಂಟು. ಅವರ ಪ್ರಕಾರ ಚಿತ್ರಕಥೆಗಳನ್ನು ದೇಶಭಾಷೆಯಲ್ಲಿ ತರಬೇಕೆಂಬ ಯೋಚನೆ ಹುಟ್ಟಿದ್ದು ಬೆಂಗಳೂರಿನಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಕನ್ನಡದಲ್ಲೇ ಮೊದಲ ಅಮರ ಚಿತ್ರಕಥೆಗಳನ್ನು ಹೊರತಂದಿತು. ಅವು ನಮ್ಮ ಪುರಾಣದ ಕಥೆಗಳಲ್ಲ. ಸಿಂಡ್ರೆಲಾ, ಸ್ನೋ ವೈಟ್ ಮುಂತಾದ ಪಾಶ್ಚಾತ್ಯ ಕಥೆಗಳು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಕನ್ನಡದಲ್ಲಿ ಗೆದ್ದದ್ದನ್ನು ನೋಡಿದ ಮೇಲೆಯೇ ಮುಂಬಯಿಯ ಮುಖ್ಯ ಕಚೇರಿಗೆ ಇಂಗ್ಲಿಷಿನಲ್ಲಿ ಮುಂದುವರಿಯುವ ಧೈರ್ಯ ಬಂದದ್ದು.

ಹೆಚ್ಚು ಪ್ರಚಾರದಲ್ಲಿರುವ ಕಥೆ ಬೇರೆ. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿ.ವಿ.ಯಲ್ಲಿ ಅನಂತ ಪೈ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ದೇವತೆಗಳ ಕುರಿತ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಕಾಲೇಜು ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರು ಗೊತ್ತಿಲ್ಲದೆ ತಡವರಿಸಿದರು. ಅದೇ ಅಮರ ಚಿತ್ರಕಥೆಯ ಬೀಜವಾಯಿತು ಎಂದು ಪೈ ಹೇಳುತ್ತಿದ್ದರು. ಎರಡೂ ಕಥೆಗಳು ಒಂದಕ್ಕೊಂದು ಅಡ್ಡ ಬರಬೇಕಾದ ಅಗತ್ಯವಿಲ್ಲ. ಚಿತ್ರಕಥೆಗೆ ಮಾರುಕಟ್ಟೆ ಇದೆ ಎಂದು ತೋರಿಸಿದ್ದು ಕನ್ನಡದ ಪ್ರಯೋಗ. ಆ ಮಾರುಕಟ್ಟೆಯಲ್ಲಿ ಏನನ್ನು ಇಡಬೇಕು ಎಂದು ತೀರ್ಮಾನಿಸಿದ್ದು ಪೈ. ಆದರೆ ಎರಡನೆಯ ಕಥೆ ದೇಶಕ್ಕೆಲ್ಲ ಗೊತ್ತು, ಮೊದಲನೆಯದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಷ್ಟು ಬೇಗ ಆರಂಭವಾದ ಕನ್ನಡದಲ್ಲಿ, ಕಾಮಿಕ್ಸ್ ಓದಿ ಬೆಳೆದ ಹುಡುಗ ಮುಂದೆ ತಾನೇ ಕಾಮಿಕ್ಸ್ ಬರೆದು, ಬಿಡಿಸಿ, ಅಚ್ಚು ಹಾಕಿಸಿ ಮಾರುವ ಸ್ವತಂತ್ರ ಕಲಾವಿದನಾಗುವುದು ಏಕೆ ಅಪರೂಪವಾಯಿತು? ಓದುಗರ ಕೊರತೆ ಇರಲಿಲ್ಲ. ಕೈಚಳಕವಿದ್ದ ಹುಡುಗರೂ ಕಡಿಮೆಯಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಫ್ಯಾಂಟಮ್‌ನ ತಲೆಬುರುಡೆ ಉಂಗುರ ಬಿಡಿಸದ ಶಾಲೆ ಯಾವ ಊರಲ್ಲಿತ್ತು?

ಶಿವಮೊಗ್ಗದಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗೆ ಇನ್ನೊಂದು ಮೊನೆ ಮೂಡುತ್ತದೆ. ಊರಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇತ್ತು. ಜನ ಅದನ್ನು ಎಂಪಿಎಂ ಎಂದೇ ಕರೆದರು. 1980ರ ದಶಕದ ಆರಂಭದಿಂದ ಅಲ್ಲಿ ಪತ್ರಿಕಾ ಕಾಗದವೂ ತಯಾರಾಗತೊಡಗಿತು. ಅದರ ಸಾಮರ್ಥ್ಯ ವರ್ಷಕ್ಕೆ 75,000 ಟನ್. ಮಲೆನಾಡಿನ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಲಾರಿ ಏರಿ ಹೋಗಿ ಕಾಗದದ ಸುರುಳಿಗಳಾಗಿ ಹೊರಬರುತ್ತಿದ್ದವು. ಹೀಗೆ ಕಾಗದ ಪಕ್ಕದಲ್ಲೇ ಇತ್ತು. ಆದರೆ ಶಿವಮೊಗ್ಗದ ಹುಡುಗ ಓದುತ್ತಿದ್ದ ಚಿತ್ರಕಥೆಗಳೆಲ್ಲ ದೂರದ ಊರುಗಳಿಂದ ಬರುತ್ತಿದ್ದವು.

‘ಚಂದಮಾಮ’ ಬರುತ್ತಿದ್ದುದು ಮದ್ರಾಸಿನಿಂದ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಿಕದ ಕನ್ನಡ ಆವೃತ್ತಿ 1949ರಲ್ಲಿ ಹುಟ್ಟಿತು. ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಕಾಮಿಕ್ಸ್ ಅಲ್ಲ, ಸಚಿತ್ರ ಕಥೆಗಳ ಪತ್ರಿಕೆ. ಆದರೆ ಹೆಗಲ ಮೇಲೆ ಬೇತಾಳನನ್ನು ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನು ಮರೆಯುವವರಾರು? ಅದನ್ನು ಬಿಡಿಸಿದ ಕೆ.ಸಿ. ಶಿವಶಂಕರನ್ ‘ಶಂಕರ್’ ಎಂಬ ಹೆಸರಿನಿಂದ ಪರಿಚಿತರಾಗಿದ್ದರು. ಅವರು 2020ರಲ್ಲಿ ತೀರಿಕೊಂಡರು.

‘ಇಂದ್ರಜಾಲ ಕಾಮಿಕ್ಸ್’ ಬಂದದ್ದು ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಿಂದ. 1964ರ ಮಾರ್ಚ್‌ನಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋದ ಈ ಮಾಲಿಕೆ ಕನ್ನಡದಲ್ಲೂ ಬರುತ್ತಿತ್ತು. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಮಲೆನಾಡಿನ ಮಕ್ಕಳಿಗೆ ಪರಿಚಯವಾದದ್ದು ಮುಖ್ಯವಾಗಿ ಇದರಿಂದ. ಮೂರನೆಯದು ಕೇರಳದ ಕೋಟ್ಟಯಂನಿಂದ ಬಂದ ‘ಬಾಲಮಂಗಳ’. 1983ರಲ್ಲಿ ಮಲಯಾಳಂನಲ್ಲಿ ಹುಟ್ಟಿದ ಇಲಿಮರಿ ವೀರ ಡಿಂಕನ್ ಕನ್ನಡಕ್ಕೆ ಬಂದು ‘ಡಿಂಗ’ನಾದ. ಅವನು ಎಷ್ಟು ನಮ್ಮವನಾದನೆಂದರೆ, ಡಿಂಗ ಮೂಲತಃ ಮಲಯಾಳಿ ಎಂದರೆ ನಂಬದವರು ಈಗಲೂ ಸಿಗುತ್ತಾರೆ.

ಮದ್ರಾಸು, ಮುಂಬಯಿ, ಕೋಟ್ಟಯಂ. ಮೂರು ಕಡೆಯಿಂದಲೂ ಕನ್ನಡಕ್ಕೆ ಮಾತು ಮಾತ್ರ ಹೊಸದಾಗಿ ಬರುತ್ತಿತ್ತು, ಚಿತ್ರ ಅಲ್ಲಿಯದೇ. ಇದರ ಹಿಂದೆ ಮುದ್ರಣದ ಒಂದು ಸರಳ ಲೆಕ್ಕವಿದೆ. ಬಣ್ಣದ ಪುಟವೊಂದನ್ನು ಅಚ್ಚು ಮಾಡಲು ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕು ಪ್ಲೇಟುಗಳು ಬೇಕು. ಚಿತ್ರದ ಬಣ್ಣವನ್ನು ಈ ನಾಲ್ಕಾಗಿ ಬೇರ್ಪಡಿಸುವ ಕೆಲಸವೇ ದುಬಾರಿ. ಮಾತಿನ ಅಕ್ಷರಗಳು ಇರುವುದು ಕಪ್ಪಿನಲ್ಲಿ. ಆದ್ದರಿಂದ ಒಂದೇ ಚಿತ್ರವನ್ನು ಹಲವು ಭಾಷೆಗಳಲ್ಲಿ ತರುವವರು ಮೂರು ಪ್ಲೇಟುಗಳನ್ನು ಹಾಗೆಯೇ ಇಟ್ಟುಕೊಂಡು ಕಪ್ಪಿನದನ್ನಷ್ಟೇ ಬದಲಿಸಿದರೆ ಸಾಕು. ಬಣ್ಣದ ಖರ್ಚು ಆರೆಂಟು ಭಾಷೆಗಳಿಗೆ ಹಂಚಿಹೋಗುತ್ತದೆ. ಕನ್ನಡಕ್ಕೆಂದೇ, ಕನ್ನಡದಲ್ಲಿ ಮಾತ್ರ ಬರುವ ಪುಸ್ತಕ ಮಾಡಲು ಹೊರಟವನು ಆ ಇಡೀ ಖರ್ಚನ್ನು ಒಬ್ಬನೇ ಹೊರಬೇಕು.

ಅಷ್ಟು ಹೊತ್ತು ಪುಸ್ತಕ ಮಾಡಿದನೆಂದೇ ಇಟ್ಟುಕೊಳ್ಳೋಣ. ಮಾರುವುದು ಎಲ್ಲಿ? ಬಸ್ ನಿಲ್ದಾಣ, ರೈಲು ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಏಜೆಂಟರ ಮೂಲಕ. ಮಾರಾಟವಾಗದ ಪ್ರತಿಗಳು ವಾಪಸ್ ಬರುತ್ತವೆ. ಹಣ ಬರುವುದು ತಿಂಗಳುಗಳ ಮೇಲೆ. ದೊಡ್ಡ ಸಂಸ್ಥೆಗೆ ಇದು ವ್ಯವಹಾರದ ಭಾಗ, ಒಬ್ಬಂಟಿಗನಿಗೆ ಮನೆ ಮುಳುಗುವ ದಾರಿ. ಇನ್ನು ನಮ್ಮ ಊರುಗಳ ಬಾಡಿಗೆ ಪುಸ್ತಕದಂಗಡಿಗಳು, ಅಂದರೆ ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಒಂದು ಪ್ರತಿ ಹತ್ತಾರು ಕೈ ದಾಟಿ, ರಟ್ಟು ಹರಿದು, ಸೂಜಿದಾರದಲ್ಲಿ ಹೊಲಿಸಿಕೊಂಡು ವರ್ಷಗಟ್ಟಲೆ ಬದುಕುತ್ತಿತ್ತು. ಕಾಮಿಕ್ಸ್ ಹುಚ್ಚನ್ನು ಕರ್ನಾಟಕದ ಸಣ್ಣ ಊರುಗಳಿಗೆ ಹರಡಿದ್ದು ಇವೇ. ಆದರೆ ಓದಿದವರೆಷ್ಟೇ ಇರಲಿ, ಮಾಡಿದವನಿಗೆ ಸೇರುವುದು ಒಂದು ಪ್ರತಿಯ ಹಣ.

ಕಾಗದದ ಮಾತಿಗೆ ಮತ್ತೆ ಬರೋಣ. ಪತ್ರಿಕಾ ಕಾಗದ ಎಂಬುದು ಆಗ ಅಂಗಡಿಯಲ್ಲಿ ಕೇಳಿ ತರುವ ವಸ್ತುವಾಗಿರಲಿಲ್ಲ. 1962ರ ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರ ಅದನ್ನು ನೋಂದಾಯಿತ ಪತ್ರಿಕೆಗಳಿಗೆ ಕೋಟಾ ಮೂಲಕ ಹಂಚುತ್ತಿತ್ತು. ಈ ಹಿಡಿತ ಸಡಿಲವಾದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಭದ್ರಾವತಿಯ ಕಾರ್ಖಾನೆಯ ವಾಸನೆಯನ್ನು ದಿನವೂ ಕುಡಿಯುತ್ತಿದ್ದ ಹುಡುಗನಿಗೂ ಅಲ್ಲಿನ ಅಗ್ಗದ ಕಾಗದದ ಸುರುಳಿಗೂ ನಡುವೆ ದೆಹಲಿಯ ಕಡತವೊಂದು ಕೂತಿರುತ್ತಿತ್ತು.

ಇಷ್ಟೆಲ್ಲದರ ನಡುವೆಯೂ ಓದುಗರಿಂದ ಕಲಾವಿದರಾದವರು ಇದ್ದೇ ಇದ್ದಾರೆ. ನಮ್ಮಲ್ಲಿ ದೊಡ್ಡ ಉದಾಹರಣೆ ಮೈಸೂರಿನ ಆರ್.ಕೆ. ಲಕ್ಷ್ಮಣ್. 1921ರಲ್ಲಿ ಹುಟ್ಟಿದ ಅವರು ಓದಲು ಕಲಿಯುವ ಮೊದಲೇ ‘ಪಂಚ್’, ‘ಸ್ಟ್ರ್ಯಾಂಡ್’ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದರು. ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳೆಂದರೆ ಪ್ರಾಣ. ಸಹಿಯ ‘ಲೋ’ವನ್ನು ಬಹುಕಾಲ ‘ಕೌ’, ಅಂದರೆ ಹಸು ಎಂದೇ ಓದಿಕೊಂಡಿದ್ದರಂತೆ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಆಗ ಮಹಾರಾಜ ಕಾಲೇಜಿಗೆ ಸೇರಿದ ಅವರ ಚಿತ್ರಗಳಿಗೆ ಜಾಗ ಕೊಟ್ಟ ಪತ್ರಿಕೆಗಳಲ್ಲಿ ಕನ್ನಡದ ‘ಕೊರವಂಜಿ’ಯೂ ಒಂದು.

‘ಕೊರವಂಜಿ’ಯ ಬಳಿ ಸ್ವಲ್ಪ ನಿಲ್ಲಬೇಕು. ಇದನ್ನು 1942ರಲ್ಲಿ ಆರಂಭಿಸಿದವರು ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ. ವೃತ್ತಿಯಲ್ಲಿ ವೈದ್ಯರು. ಬೆಂಗಳೂರಿನ ಮೆಜೆಸ್ಟಿಕ್ ಬಳಿ ಅವರ ದವಾಖಾನೆ. ಹಗಲು ರೋಗಿಗಳ ನಾಡಿ ಹಿಡಿಯುತ್ತಿದ್ದ ಈ ಡಾಕ್ಟರು ತಮ್ಮದೇ ಹೊಣೆಯಲ್ಲಿ ಹಾಸ್ಯಕ್ಕೆಂದೇ ಒಂದು ಮಾಸಿಕ ನಡೆಸಿದರು. ಬರಹಗಳ ಜತೆಗೆ ವ್ಯಂಗ್ಯಚಿತ್ರಕ್ಕೂ ಅಲ್ಲಿ ಗೌರವದ ಜಾಗವಿತ್ತು. ಪತ್ರಿಕೆ 1967ರವರೆಗೆ ನಡೆಯಿತು. ಈಗಿನ ಮಾತಿನಲ್ಲಿ ‘ಸ್ವತಂತ್ರ ಪ್ರಕಟಣೆ’ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಉದಾಹರಣೆ ಹುಡುಕುವುದು ಕಷ್ಟ. ಆದರೆ ಲಕ್ಷ್ಮಣ್ ಇಲ್ಲಿ ನಿಲ್ಲಲಿಲ್ಲ. ನಿಂತು ಬದುಕುವುದೂ ಸಾಧ್ಯವಿರಲಿಲ್ಲ. ಮುಂಬಯಿಗೆ ಹೋದರು, ಟೈಮ್ಸ್ ಆಫ್ ಇಂಡಿಯಾದಲ್ಲಿ ದಶಕಗಳ ಕಾಲ ‘ಶ್ರೀಸಾಮಾನ್ಯ’ನನ್ನು ಬಿಡಿಸಿದರು. ಅವರ ರೇಖೆಗಳು ತಿರುಗಿ ಮಲೆನಾಡಿಗೆ ಬಂದದ್ದು ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆಯೊಡನೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ.

ಮುಂಬಯಿಯ ಆಬಿದ್ ಸೂರ್ತಿ ಅವರದು ಇನ್ನೂ ಸೊಗಸಾದ ಕಥೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಬಂದರಿನಿಂದ ಸೈನಿಕರನ್ನು ಹೊತ್ತ ರೈಲು ನಿಧಾನವಾಗಿ ಸಾಗುತ್ತಿತ್ತು. ಪಕ್ಕದಲ್ಲಿ ಓಡುವ ಬಡ ಮಕ್ಕಳಿಗೆ ಸೈನಿಕರು ತಿಂಡಿ ಎಸೆಯುತ್ತಿದ್ದರು. ಒಂದು ದಿನ ಒಬ್ಬ ಎಸೆದದ್ದು ಮಿಕ್ಕಿ ಮೌಸ್ ಕಾಮಿಕ್ಸ್ ಪುಸ್ತಕ. ಹುಡುಗರು ಕಿತ್ತಾಡಿ ಪುಸ್ತಕ ಹರಿಯಿತು. ಆಬಿದ್ ಕೈಗೆ ಸಿಕ್ಕ ಪುಟ ನೋಡಿ, ಇದನ್ನು ನಾನೂ ಬಿಡಿಸಬಲ್ಲೆ ಎನ್ನಿಸಿತಂತೆ. 1976ರಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಅವರು ಸೃಷ್ಟಿಸಿದ, ಗೋವಿಂದ ಬ್ರಾಹ್ಮಣಿಯಾ ಚಿತ್ರಿಸಿದ ‘ಬಹಾದ್ದೂರ್’ ಕಾಣಿಸಿಕೊಂಡ. ಡಕಾಯಿತನ ಮಗ, ಕುರ್ತಾ ತೊಟ್ಟ ದೇಶೀ ನಾಯಕ.

ಅನಂತ ಪೈ ದಾರಿ ಇವೆರಡಕ್ಕಿಂತ ಭಿನ್ನ. ಕಾರ್ಕಳದಲ್ಲಿ 1929ರ ಸೆಪ್ಟೆಂಬರ್ 17ರಂದು ಹುಟ್ಟಿದ ಅವರು ಎರಡನೇ ವಯಸ್ಸಿಗೇ ತಂದೆ ತಾಯಿಯನ್ನು ಕಳೆದುಕೊಂಡರು. ಹನ್ನೆರಡರ ಹೊತ್ತಿಗೆ ಮುಂಬಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ. ಮನಸ್ಸಿದ್ದುದು ಅಚ್ಚಿನ ಮೇಲೆ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆಯನ್ನು ಸ್ವಂತವಾಗಿ ತೆಗೆದು ಕೈಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದ ನೌಕರಿ. ಇಂದ್ರಜಾಲ ಕಾಮಿಕ್ಸ್ ಹುಟ್ಟಿದಾಗ ಅವರು ಅಲ್ಲಿದ್ದರು. ಸ್ವತಂತ್ರವಾಗಿ ಸೋತು, ನೌಕರಿಯಲ್ಲಿ ಕಸುಬು ಕಲಿತು, ಕೊನೆಗೆ ಇನ್ನೊಬ್ಬರ ಬಂಡವಾಳದಲ್ಲಿ ತನ್ನ ಕನಸನ್ನು ಕಟ್ಟಿದ ಮನುಷ್ಯ ಅವರು. ಅಮರ ಚಿತ್ರಕಥಾ 400ಕ್ಕೂ ಹೆಚ್ಚು ಪುಸ್ತಕಗಳಿಗೆ ಬೆಳೆಯಿತು, 1980ರಲ್ಲಿ ‘ಟಿಂಕಲ್’ ಬಂತು, ದೇಶದ ಮಕ್ಕಳಿಗೆಲ್ಲ ಅವರು ‘ಅಂಕಲ್ ಪೈ’ ಆದರು. 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನ ಸಾಧನೆಯ ಗೌರವ ಸಲ್ಲಿಸಿತು. ಅದೇ ತಿಂಗಳ 24ರಂದು ಅವರು ನಿಧನರಾದರು.

ಗಮನಿಸಿ: ಮೂವರಿಗೂ ಒಂದೇ ಮುಂಬಯಿ ಸಂಸ್ಥೆಯ ಬಾಗಿಲು ದಾಟಬೇಕಾಯಿತು. ಪ್ರತಿಭೆ ಎಲ್ಲಿಯದೇ ಆಗಿರಲಿ, ಮುದ್ರಣಯಂತ್ರ ಮತ್ತು ಏಜೆಂಟರ ಜಾಲ ಇದ್ದವರ ಬಳಿಗೇ ಅದು ಹೋಗಬೇಕಿತ್ತು.

ದೊಡ್ಡವರ ಬಾಗಿಲಿಗೆ ಹೋದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಒಂದು ಹಳೆಯ ಪ್ರಕರಣವನ್ನು ಈಗಲೂ ನೆನೆಯುತ್ತಾರೆ. ಕ್ಲೀವ್‌ಲೆಂಡ್ ನಗರದ ಶಾಲಾ ಗೆಳೆಯರಾದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ವಿಜ್ಞಾನ ಕಥೆಗಳ ಹುಚ್ಚರು. ತಾವೇ ಒಂದು ಪುಟ್ಟ ಪತ್ರಿಕೆ ತಯಾರಿಸಿ ಹಂಚುತ್ತಿದ್ದರು. ಅವರ ಕಲ್ಪನೆಯೇ ಸೂಪರ್‌ಮ್ಯಾನ್. 1938ರಲ್ಲಿ ಆ ಪಾತ್ರದ ಹಕ್ಕನ್ನು ಪ್ರಕಾಶಕರಿಗೆ 130 ಡಾಲರಿಗೆ ಬರೆದುಕೊಟ್ಟರು. ಪಾತ್ರ ಕೋಟಿ ಕೋಟಿ ಗಳಿಸಿತು. ಇವರು ಕೋರ್ಟು ಅಲೆದರು. 1975ರಲ್ಲಿ, ಇಬ್ಬರೂ ಅರವತ್ತು ದಾಟಿದ ಮೇಲೆ, ವರ್ಷಕ್ಕೆ 20,000 ಡಾಲರ್ ಪಿಂಚಣಿಯೂ ಪುಸ್ತಕದ ಮೇಲೆ ಹೆಸರೂ ದೊರೆತವು.

ಇದಕ್ಕೆ ಎದುರಾದ ಕಥೆ 1984ರದು. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ಕಾಮಿಕ್ಸ್ ಪ್ರೇಮಿಗಳು ವಾಪಸ್ ಬಂದ ತೆರಿಗೆ ಹಣ, ಚಿಕ್ಕಪ್ಪನಿಂದ ತಂದ ಸಾಲ ಸೇರಿಸಿ ಸುಮಾರು 3,000 ಪ್ರತಿ ಅಚ್ಚು ಹಾಕಿಸಿದರು. ಒಳಪುಟಗಳು ಕಪ್ಪು-ಬಿಳುಪು. ಅದೇ ಮುಂದೆ ಜಗತ್ತೆಲ್ಲ ಸುತ್ತಿದ ‘ನಿಂಜಾ ಆಮೆ’ಗಳ ಕಥೆ. ಹಕ್ಕು ಅವರ ಕೈಯಲ್ಲೇ ಇತ್ತು. ಇದು ಬರೀ ಧೈರ್ಯದಿಂದ ಆದದ್ದಲ್ಲ. ಅಲ್ಲಿ 1970ರ ದಶಕದಿಂದ ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಬೆಳೆದಿದ್ದವು. ಅವು ವಾಪಸ್ ಮಾಡುವ ಷರತ್ತಿಲ್ಲದೆ, ಬೇಕಾದಷ್ಟೇ ಪ್ರತಿಗಳಿಗೆ ಮೊದಲೇ ಬೇಡಿಕೆ ಸಲ್ಲಿಸುತ್ತಿದ್ದವು. ಜಪಾನಿನಲ್ಲಿ ಇನ್ನೊಂದು ದಾರಿ: 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ 32 ಹವ್ಯಾಸಿ ಗುಂಪುಗಳು ಸೇರಿ ತಮ್ಮ ಕಾಮಿಕ್ಸ್‌ಗಳನ್ನು ತಾವೇ ಮಾರುವ ಸಂತೆ ಆರಂಭಿಸಿದವು. ಕಾಮಿಕೆಟ್ ಎಂಬ ಆ ಸಂತೆಗೆ ಈಗ ಲಕ್ಷಾಂತರ ಜನ ಬರುತ್ತಾರೆ. ಓದುಗ ಮತ್ತು ಕಲಾವಿದನ ನಡುವೆ ಮೇಜಿನ ಅಗಲದಷ್ಟೇ ದೂರ.

ಕರ್ನಾಟಕಕ್ಕೆ ಅಂಥ ಮೇಜು ಬಂದದ್ದು 2012ರಲ್ಲಿ, ಬೆಂಗಳೂರಿನಲ್ಲಿ ಕಾಮಿಕ್ ಕಾನ್ ನಡೆದಾಗ. ಅದಕ್ಕೆ ತುಸು ಮುಂಚೆಯೇ ಸ್ವತಂತ್ರ ಪ್ರಯತ್ನಗಳು ನಗರದಲ್ಲಿ ಕಣ್ಣುಬಿಟ್ಟಿದ್ದವು. ‘ಅಪ್ಪುಪೆನ್’ ಹೆಸರಿನಲ್ಲಿ ಬಿಡಿಸುವ ಜಾರ್ಜ್ ಮಥೆನ್ ಅವರ ‘ಮೂನ್‌ವರ್ಡ್’ 2009ರಲ್ಲಿ ಬಂತು. ಬೆಂಗಳೂರಿನ ಪುಟ್ಟ ಸಂಸ್ಥೆ ಮಂಟಾ ರೇ 2010ರಲ್ಲಿ ‘ಹಷ್’ ಪ್ರಕಟಿಸಿತು. ಸ್ವಾರಸ್ಯವೆಂದರೆ ‘ಹಷ್’ನಲ್ಲಿ ಮಾತೇ ಇಲ್ಲ, ‘ಮೂನ್‌ವರ್ಡ್’ನಲ್ಲೂ ಮಾತು ಕಡಿಮೆ. ಕಲೆಯ ದೃಷ್ಟಿಯಿಂದ ಇದು ಅಭಿನಂದನಾರ್ಹ. ಆದರೆ ಕನ್ನಡದ ಕಡೆಯಿಂದ ನೋಡಿದರೆ ಬೇರೆಯೇ ಅನ್ನಿಸುತ್ತದೆ. 1965ರಲ್ಲಿ ಚಿತ್ರಕ್ಕೆ ಕನ್ನಡದ ಮಾತು ಹಾಕಿ ಗೆದ್ದ ಊರಿನಲ್ಲಿ, ಹೊಸ ಕಾಲದ ಸ್ವತಂತ್ರ ಕಾಮಿಕ್ಸ್ ಹೆಚ್ಚಾಗಿ ಇಂಗ್ಲಿಷ್ ಆಡಿತು, ಇಲ್ಲವೇ ಮೌನ ವಹಿಸಿತು.

ಈಗ ಹಳೆಯ ಅಡಚಣೆಗಳಲ್ಲಿ ಹಲವು ಇಲ್ಲ. ಐವತ್ತೋ ನೂರೋ ಪ್ರತಿಗಳನ್ನಷ್ಟೇ ಅಚ್ಚು ಹಾಕಿಸುವ ಡಿಜಿಟಲ್ ಮುದ್ರಣ ಬಂದಿದೆ, ಪ್ಲೇಟುಗಳ ಗೊಡವೆಯಿಲ್ಲ. ಶಿವಮೊಗ್ಗದಲ್ಲಿ ಕೂತು ಬಿಡಿಸಿದ ಪುಟವನ್ನು ಮೊಬೈಲ್ ಫೋನಿನಲ್ಲೇ ಓದುಗನಿಗೆ ತಲುಪಿಸಬಹುದು. ಪತ್ರಿಕಾ ಕಾಗದಕ್ಕೆ ಕೋಟಾ ಇಲ್ಲ. ಎಂಪಿಎಂ ಕೂಡ ಇಲ್ಲವೆಂದೇ ಹೇಳಬೇಕು. ನಷ್ಟದ ಹೊರೆಯಲ್ಲಿ 2015ರ ಸುಮಾರಿಗೆ ಅದರ ಯಂತ್ರಗಳು ನಿಂತವು. ಕಾಗದ ಕೈಗೆ ಎಟುಕುವ ಕಾಲ ಬಂದಾಗ ಪಕ್ಕದೂರಿನ ಕಾರ್ಖಾನೆಯೇ ಮುಚ್ಚಿತ್ತು.

ಉಳಿದಿರುವ ಒಂದು ತೊಡಕು ತೀರಾ ಸಣ್ಣದಾಗಿ ಕಾಣುತ್ತದೆ, ಆದರೆ ಕೂತು ಕೆಲಸ ಮಾಡುವವನಿಗೆ ಅದೇ ದೊಡ್ಡದು. ಇಂಗ್ಲಿಷ್ ಅಕ್ಷರಗಳು ಒಂದೇ ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಣಿತದ ಕೊಂಬು ಬಲಕ್ಕೆ ಚಾಚುತ್ತದೆ. ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆಂದು ಬಿಡಿಸಿದ ಮಾತಿನ ಗುಳ್ಳೆಯಲ್ಲಿ ಕನ್ನಡ ಉಸಿರುಗಟ್ಟುತ್ತದೆ. ಅನುವಾದಿತ ಕಾಮಿಕ್ಸ್‌ಗಳಲ್ಲಿ ಅಕ್ಷರ ಇರುವೆಸಾಲಿನಂತೆ ಕಂಡದ್ದಕ್ಕೆ ಇದೂ ಒಂದು ಕಾರಣ. ಚಿತ್ರ ಬಿಡಿಸುವ ತಂತ್ರಾಂಶಗಳೂ ಬಹುಕಾಲ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತಿರಲಿಲ್ಲ. ಕೆಳಗೆ ಇಳಿಯಬೇಕಾದ ಒತ್ತು ಪಕ್ಕದಲ್ಲಿ ಬಿಡಿಯಾಗಿ ನಿಂತುಬಿಡುತ್ತಿತ್ತು. ಹಾಗಾಗಿ ವಿನ್ಯಾಸಗಾರರು ‘ನುಡಿ’ಯಂಥ ಹಳೆಯ ಬಗೆಯ ಅಕ್ಷರಗಳನ್ನೇ ಬಹುಕಾಲ ನೆಚ್ಚಿಕೊಂಡರು. ಕನ್ನಡದಲ್ಲೇ ಯೋಚಿಸಿ ಬಿಡಿಸುವವನು ಮೊದಲು ಮಾತು ಬರೆದುಕೊಳ್ಳುತ್ತಾನೆ, ಒತ್ತುಗಳಿಗೆ ಜಾಗ ಬಿಟ್ಟು ಗುಳ್ಳೆ ಎಳೆಯುತ್ತಾನೆ, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸುತ್ತಾನೆ.